ವಾದಮಾರ್ಗದ ಸಾರ್ವಭೌಮ ಶ್ರೀವ್ಯಾಸರಾಜತೀರ್ಥರು

ಮಾಧ್ವ ಪರಂಪರೆಯಲ್ಲಿ ಮುನಿತ್ರಯರೆಂದು ಪ್ರಸಿದ್ಧರಾದವರು ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು, ಟೀಕಾಕೃತ್ಪಾದರೆನಿಸಿದ ಶ್ರೀಜಯತೀರ್ಥರು ಮತ್ತು ಚಂದ್ರಿಕಾಚಾರ್ಯರೆನಿಸಿದ ಶ್ರೀವ್ಯಾಸರಾಜತೀರ್ಥರು. ಆಚಾರ್ಯರು ಸಿದ್ಧಾಂತವನ್ನು ಸ್ಥಾಪಿಸಿದರು. ಟೀಕಾಚಾರ್ಯರು ಆಚಾರ್ಯರ ಒಂದೊಂದು ಪದದ ಹಿಂದಿರುವ ಯುಕ್ತಿಯನ್ನು ಬಿಡಿಸಿ ತೋರಿದರು. ವ್ಯಾಸರಾಜರು ಆ ಸಿದ್ಧಾಂತವನ್ನು ತಮ್ಮ ಕಾಲದ ಅತ್ಯಂತ ಕಠಿಣವಾದ ತರ್ಕದ ಒರೆಗಲ್ಲಿಗೆ ಹಚ್ಚಿ ಲೋಕದ ಮುಂದಿಟ್ಟರು. ವಿಜಯನಗರದ ಅರಸರಿಗೆ ಗುರುಗಳಾಗಿ, ಊರೂರುಗಳಲ್ಲಿ ಮುಖ್ಯಪ್ರಾಣನನ್ನು ಪ್ರತಿಷ್ಠಾಪಿಸಿದವರಾಗಿ, ಪುರಂದರದಾಸರಿಗೂ ಕನಕದಾಸರಿಗೂ ಆಶ್ರಯರಾದವರಾಗಿ ಭಕ್ತರು ಅವರನ್ನು ನೆನೆಯುತ್ತಾರೆ. ಆದರೆ ಆ ಮಹಾಪುರುಷರ ಬದುಕಿನ ಬಹುಭಾಗವನ್ನು ತುಂಬಿದ್ದ ಕಾರ್ಯ ಒಂದೇ, ಅದು ವಾದ.

ವಾದವೆಂಬ ಶಬ್ದ ಇಂದು ಸವೆದುಹೋಗಿದೆ. ಹಠ ಹಿಡಿದ ಮೊಮ್ಮಗನಿಗೆ ವಿತಂಡವಾದ ಬೇಡವೆಂದು ಗದರುವ ಅಜ್ಜಿಯಿಂದ ಹಿಡಿದು ಸಭೆಯಲ್ಲಿ ಹೇತು, ದೃಷ್ಟಾಂತ, ಆಕ್ಷೇಪ, ಸಿದ್ಧಾಂತ ಎಂದು ಮಾತನಾಡುವ ಉಪನ್ಯಾಸಕರವರೆಗೆ ಎಲ್ಲರ ಬಾಯಲ್ಲಿಯೂ ಶಾಸ್ತ್ರದ ಪದಗಳೇ ಇವೆ. ಅವುಗಳ ಅಂಚು ಮಾತ್ರ ಮೊಂಡಾಗಿದೆ. ವ್ಯಾಸರಾಜರ ಕೈಯಲ್ಲಿ ಈ ಒಂದೊಂದು ಪದಕ್ಕೂ ನಿಶ್ಚಿತವಾದ ಅರ್ಥವಿತ್ತು, ನಿಶ್ಚಿತವಾದ ಕೆಲಸವಿತ್ತು. ಅವರ ಚರಿತ್ರೆಯನ್ನು ಅನುಸರಿಸಿ ನಡೆದರೆ ಆ ಪದಗಳ ಪರಿಚಯವೂ ತಾನಾಗಿಯೇ ಆಗುತ್ತದೆ.

ಅವರ ಚರಿತ್ರೆಗೆ ಮುಖ್ಯ ಆಧಾರ ಸೋಮನಾಥ ಕವಿಯ ವ್ಯಾಸಯೋಗಿಚರಿತವೆಂಬ ಚಂಪೂಕಾವ್ಯ. ಸೋಮನಾಥನು ವ್ಯಾಸರಾಜರ ಸಮಕಾಲೀನ. ಆದರೆ ಮಾಧ್ವನಲ್ಲ, ಸ್ಮಾರ್ತ ಸಂಪ್ರದಾಯದವನು. ಬೇರೊಂದು ಮತದ ಕವಿಯೊಬ್ಬನು ದ್ವೈತ ಯತಿಗಳ ಚರಿತ್ರೆಯನ್ನು ಅಷ್ಟು ಆದರದಿಂದ ಬರೆದನೆಂಬುದೇ ಅವರ ವ್ಯಕ್ತಿತ್ವಕ್ಕೆ ಸಾಕ್ಷಿ. ಈ ಕಾವ್ಯವನ್ನು ಬಿ. ವೆಂಕೋಬರಾಯರು 1926ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಮೇಲೆ ಅನೇಕ ಸಂಗತಿಗಳು ಸ್ಪಷ್ಟವಾದವು.

ಸುಮಾರು 1460ರಲ್ಲಿ, ಮೈಸೂರು ಸೀಮೆಯ ಕಾವೇರಿಯ ಸಮೀಪದ ಬನ್ನೂರಿನಲ್ಲಿ, ಬಲ್ಲಣ್ಣ ಮತ್ತು ಅಕ್ಕಮ್ಮ ಎಂಬ ದಂಪತಿಗಳಲ್ಲಿ ಅವರ ಅವತಾರವಾಯಿತು. ಪ್ರಹ್ಲಾದರಾಜರೇ ಹೀಗೆ ಅವತರಿಸಿದರೆಂಬುದು ಭಕ್ತರ ದೃಢವಾದ ನಂಬಿಕೆ. ಮಕ್ಕಳಿಲ್ಲದ ಬಲ್ಲಣ್ಣನವರು ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರ ಮೊರೆಹೊಕ್ಕರು. ಗುರುಗಳು ಮೂವರು ಮಕ್ಕಳಾಗುವರೆಂದು ಅನುಗ್ರಹಿಸಿ, ಎರಡನೆಯ ಮಗುವನ್ನು ಮಠಕ್ಕೆ ಒಪ್ಪಿಸಬೇಕೆಂದು ವಿಧಿಸಿದರು. ಉಪನಯನವಾದ ಬಳಿಕ ಆ ಬಾಲಕ ಅಬ್ಬೂರಿಗೆ ಬಂದ. ಸನ್ಯಾಸವನ್ನು ಕೊಡುವ ಇಂಗಿತ ಗುರುಗಳಿಗಿದೆಯೆಂದು ತಿಳಿದಾಗ ಅವನು ಮಠವನ್ನು ಬಿಟ್ಟು ಕಾಡಿನ ದಾರಿ ಹಿಡಿದನೆಂದು ಸೋಮನಾಥನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಮರದ ಬುಡದಲ್ಲಿ ಮಲಗಿದ್ದಾಗ ಶ್ರೀಹರಿಯ ದರ್ಶನವಾಗಿ, ಹಿಂತಿರುಗುವಂತೆ ಆಜ್ಞೆಯಾಯಿತು. ಹಿಂತಿರುಗಿದ ಬಾಲಕನಿಗೆ ವ್ಯಾಸತೀರ್ಥರೆಂಬ ಆಶ್ರಮನಾಮವಾಯಿತು. ಸ್ತುತಿಗೆಂದೇ ಬರೆದ ಕಾವ್ಯದಲ್ಲಿ ಕವಿ ಈ ಓಟವನ್ನು ಬಿಡಬಹುದಾಗಿತ್ತು, ಬಿಟ್ಟಿಲ್ಲ. ಹೊರಿಸಿದ್ದನ್ನು ಹೊತ್ತ ವೈರಾಗ್ಯವಲ್ಲ ಅದು, ಒಮ್ಮೆ ತಿರಸ್ಕರಿಸಿ, ವಿಚಾರಿಸಿ, ಮರಳಿ ಸ್ವೀಕರಿಸಿದ್ದು.

ಆಶ್ರಮವಾದ ಸ್ವಲ್ಪ ಕಾಲದಲ್ಲಿಯೇ, 1475-76ರ ಕ್ಷಾಮದ ದಿನಗಳಲ್ಲಿ, ಬ್ರಹ್ಮಣ್ಯತೀರ್ಥರು ಬೃಂದಾವನಸ್ಥರಾದರು. ಹದಿಹರೆಯದ ಯತಿಗಳ ಹೆಗಲಿಗೆ ಸಂಸ್ಥಾನದ ಭಾರ ಬಿತ್ತು. ಆಗ ಅವರು ಕೈಗೊಂಡ ಮೊದಲ ನಿರ್ಧಾರ ಅಧ್ಯಯನಕ್ಕಾಗಿ ಕಾಂಚಿಗೆ ಹೋಗುವುದು. ದಕ್ಷಿಣದೇಶದಲ್ಲಿ ಷಡ್ದರ್ಶನಗಳಿಗೆ ಕಾಂಚಿಯಂತಹ ವಿದ್ಯಾಕೇಂದ್ರ ಅಂದು ಮತ್ತೊಂದಿರಲಿಲ್ಲ. ಪೀಠಾಧಿಪತಿಗಳಾದವರು ಇತರರ ಶಾಸ್ತ್ರವನ್ನು ಇತರರ ಬಳಿಯೇ ಕುಳಿತು ಕಲಿತರೆಂಬುದು ಗಮನಿಸತಕ್ಕ ಸಂಗತಿ. ಎದುರಾಳಿಯ ಮತವನ್ನು ತನ್ನವರ ಪುಸ್ತಕದಿಂದ ಮಾತ್ರ ತಿಳಿದವನಿಗೆ ಅದರ ಬಲ ತಿಳಿಯುವುದಿಲ್ಲ, ದೌರ್ಬಲ್ಯವಂತೂ ತಿಳಿಯುವುದೇ ಇಲ್ಲ.

ತರ್ಕವಿದ್ಯಾರ್ಥಿಗೆ ಮೊದಲು ಎದುರಾಗುವುದು ಹೊಗೆಯಾಡುವ ಬೆಟ್ಟ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆಯಿದೆ, ಅಡುಗೆಮನೆಯಲ್ಲಿರುವಂತೆ. ಇಲ್ಲಿ ಯಾವುದರ ವಿಷಯದಲ್ಲಿ ವಿಚಾರ ನಡೆದಿದೆಯೋ ಆ ಬೆಟ್ಟವೇ ಪಕ್ಷ. ಸಾಧಿಸಬೇಕಾದ ಬೆಂಕಿ ಸಾಧ್ಯ. ಸಾಧಿಸಲು ಕೊಟ್ಟ ಕಾರಣವಾದ ಹೊಗೆ ಹೇತು. ವಾದಿ ಪ್ರತಿವಾದಿಗಳಿಬ್ಬರೂ ಒಪ್ಪಿರುವ ಅಡುಗೆಮನೆ ದೃಷ್ಟಾಂತ. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಯೆಂಬ ತಪ್ಪದ ನಿಯಮಕ್ಕೆ ವ್ಯಾಪ್ತಿಯೆಂದು ಹೆಸರು. ಅನುಮಾನವೆಂಬ ಕಟ್ಟಡ ನಿಂತಿರುವುದು ಈ ವ್ಯಾಪ್ತಿಯ ಮೇಲೆಯೇ. ಲೋಕದಲ್ಲಿ ಅನುಮಾನವೆಂದರೆ ಸಂದೇಹ. ಶಾಸ್ತ್ರದಲ್ಲಿ ಅನುಮಾನವೆಂದರೆ ನಿಶ್ಚಯಕ್ಕೆ ಸಾಧನ. ಒಂದೇ ಪದ ಮನೆಯಲ್ಲಿ ಒಂದು ಅರ್ಥದಲ್ಲಿಯೂ ಪಾಠಶಾಲೆಯಲ್ಲಿ ಅದಕ್ಕೆ ವಿರುದ್ಧವಾದ ಅರ್ಥದಲ್ಲಿಯೂ ನಡೆಯುತ್ತಿರುವುದು ಕನ್ನಡದ ಒಂದು ವಿನೋದ.

ನಿಯಮವನ್ನು ತಿರುವುಮುರುವು ಮಾಡಿದೊಡನೆ ಅನುಮಾನ ಕುಸಿಯುತ್ತದೆ. ಬೆಂಕಿಯಿದ್ದೆಡೆಯಲ್ಲೆಲ್ಲ ಹೊಗೆಯಿರುತ್ತದೆಯೆಂದು ಯಾರಾದರೂ ಹೇಳಿದರೆ, ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿದರೆ ಸಾಕು; ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೇತು ಇದ್ದು ಸಾಧ್ಯವಿಲ್ಲದಿರುವ ಈ ದೋಷ ವ್ಯಭಿಚಾರ. ಹಾಗಾದರೆ ಬೆಂಕಿಯ ಜೊತೆ ಹೊಗೆ ಬರುವುದು ಯಾವಾಗ? ಸೌದೆ ಹಸಿಯಾಗಿದ್ದಾಗ. ನಿಯಮದೊಳಗೆ ಹೇಳದೆ ಅಡಗಿದ್ದ ಈ ಹಸಿಸೌದೆಯೆಂಬ ನಿಬಂಧನೆಗೆ ಉಪಾಧಿಯೆಂದು ಹೆಸರು. ವ್ಯಭಿಚಾರವನ್ನೂ ಉಪಾಧಿಯನ್ನೂ ಪತ್ತೆಹಚ್ಚುವ ಕಣ್ಣೇ ತಾರ್ಕಿಕನ ಕಣ್ಣು. ನೋಡಲು ಹೇತುವಿನಂತಿದ್ದು ಹೇತುವಲ್ಲದಿರುವುದು ಹೇತ್ವಾಭಾಸ. ಅದರ ಪ್ರಭೇದಗಳಲ್ಲಿ ಬಾಧಿತವೆಂಬುದೊಂದಿದೆ. ಬೆಂಕಿ ಬಿಸಿಯಲ್ಲ, ಅದು ದ್ರವ್ಯವಾದ್ದರಿಂದ, ನೀರಿನಂತೆ ಎಂದು ಒಬ್ಬನು ವಾದಿಸಿದರೆ ಅವನೊಡನೆ ವ್ಯಾಪ್ತಿಯ ಚರ್ಚೆ ಬೇಕಿಲ್ಲ. ಮುಟ್ಟಿದ ಕೈಯೇ ಆ ಅನುಮಾನವನ್ನು ಬಾಧಿಸುತ್ತದೆ. ಈ ಪುಟ್ಟ ಉದಾಹರಣೆಯನ್ನು ನೆನಪಿನಲ್ಲಿಡಬೇಕು. ವ್ಯಾಸರಾಜರ ಮಹಾಗ್ರಂಥದಲ್ಲಿ ಇದರ ನೆರಳು ಬಹುದೂರ ಚಾಚಿದೆ.

ಕಾಂಚಿಯ ಅಧ್ಯಯನ ಮುಗಿದ ಮೇಲೆ ಅವರು ಮುಳಬಾಗಿಲಿಗೆ ಬಂದು ಶ್ರೀಶ್ರೀಪಾದರಾಜರ ಸನ್ನಿಧಿಯಲ್ಲಿ ಐದಾರು ವರ್ಷಗಳ ಕಾಲ ಸ್ವಸಿದ್ಧಾಂತದ ಪಾಠವನ್ನು ಹೇಳಿಸಿಕೊಂಡರು. ನ್ಯಾಯಸುಧೆಗೆ ವಾಗ್ವಜ್ರವೆಂಬ ವ್ಯಾಖ್ಯಾನವನ್ನು ರಚಿಸಿದ ಆ ಮಹಾನುಭಾವರು ಕನ್ನಡದಲ್ಲಿ ಹಾಡುಗಳನ್ನೂ ಕಟ್ಟಿದವರು. ಮುಂದೆ ವ್ಯಾಸರಾಜರು ಸಿರಿಕೃಷ್ಣನ ಅಂಕಿತದಲ್ಲಿ ದೇವರನಾಮಗಳನ್ನು ರಚಿಸಿದ್ದಕ್ಕೆ ಬೀಜ ಬಿದ್ದದ್ದು ಮುಳಬಾಗಿಲಿನಲ್ಲಿಯೇ.

ಇಲ್ಲಿ ಅವರಿಗೆ ದೊರೆತದ್ದು ವಾದದ ಧರ್ಮಶಾಸ್ತ್ರ. ಶ್ರೀಮದಾಚಾರ್ಯರ ದಶಪ್ರಕರಣಗಳಲ್ಲಿ ಕಥಾಲಕ್ಷಣವೆಂಬ ಅತಿ ಚಿಕ್ಕ ಗ್ರಂಥವೊಂದಿದೆ. ಇಲ್ಲಿ ಕಥೆಯೆಂದರೆ ಹರಿಕಥೆಯಲ್ಲ, ಕಟ್ಟುಕಥೆಯೂ ಅಲ್ಲ. ವಿದ್ವಾಂಸರ ನಡುವಣ ವಿಚಾರ. ಅದು ಮೂರು ವಿಧ. ತತ್ತ್ವನಿರ್ಣಯವೊಂದೇ ಪ್ರಯೋಜನವಾಗಿ ಸಜ್ಜನರ ನಡುವೆ ನಡೆಯುವುದು ವಾದ. ಕೀರ್ತಿ ಮೊದಲಾದವುಗಳಿಗಾಗಿ ಸ್ಪರ್ಧೆಯಿಂದ ನಡೆಯುವುದು ಜಲ್ಪ. ಇನ್ನು ವಿತಂಡೆ. ನ್ಯಾಯಶಾಸ್ತ್ರದವರ ಪ್ರಕಾರ ತನ್ನ ಪಕ್ಷವನ್ನು ಸ್ಥಾಪಿಸುವ ಹೊಣೆಯನ್ನೇ ಹೊರದೆ ಎದುರಿನವನನ್ನು ಖಂಡಿಸುತ್ತ ಹೋಗುವುದು ವಿತಂಡೆ. ಆಚಾರ್ಯರ ಪ್ರಕಾರ ತತ್ತ್ವವನ್ನು ಕೇಳುವ ಯೋಗ್ಯತೆಯಿಲ್ಲದ ದುರ್ಜನರೊಡನೆ ತೊಡಗಬೇಕಾಗಿ ಬಂದಾಗ, ತತ್ತ್ವವನ್ನು ಮರೆಯಲ್ಲಿಟ್ಟು ನಡೆಸುವ ಖಂಡನೆ ಅದು. ಸಭೆಯಲ್ಲಿ ತೀರ್ಪು ಕೊಡುವ ಪ್ರಾಶ್ನಿಕರು ರಾಗದ್ವೇಷಗಳಿಲ್ಲದವರಾಗಿರಬೇಕು, ವಿದ್ಯಾವಿಶಾರದರಾಗಿರಬೇಕು, ಅವರ ಸಂಖ್ಯೆ ಬೆಸವಾಗಿರಬೇಕು ಎಂಬ ವಿವರಗಳನ್ನೂ ಆಚಾರ್ಯರು ಬಿಟ್ಟಿಲ್ಲ. ಹದಿಮೂರನೆಯ ಶತಮಾನದ ಯತಿಗಳು ನ್ಯಾಯಾಧೀಶರ ಸಂಖ್ಯೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ್ದನ್ನು ಕಂಡರೆ ವಾದವೆಂಬುದು ಎಷ್ಟು ಗಂಭೀರವಾದ ವ್ಯವಹಾರವಾಗಿತ್ತೆಂದು ಊಹಿಸಬಹುದು.

ಟೀಕಾಚಾರ್ಯರ ಪ್ರಮಾಣಪದ್ಧತಿ ಅನುಮಾನದ ವಿಷಯದಲ್ಲಿ ಮಾಧ್ವರ ಸ್ವತಂತ್ರವಾದ ನಿಲುವನ್ನು ಕಲಿಸುತ್ತದೆ. ಹೇತು ಪಕ್ಷದಲ್ಲಿಯೇ ಇರಬೇಕೆಂದು ನೈಯಾಯಿಕರ ನಿರ್ಬಂಧ. ಹೊಗೆ ಬೆಟ್ಟದಲ್ಲಿಯೇ ಇರಬೇಕು, ಬೆಂಕಿಯೂ ಅಲ್ಲಿಯೇ. ಆದರೆ ಕೆಳಗಿನ ಬಯಲಿನಲ್ಲಿ ನದಿ ಉಕ್ಕಿದ್ದನ್ನು ಕಂಡವನು ಮೇಲಿನ ಮಲೆಯಲ್ಲಿ ಮಳೆಯಾಗಿದೆಯೆಂದು ಅನುಮಾನಿಸುತ್ತಾನೆ. ಪ್ರವಾಹವಿರುವುದು ಇಲ್ಲಿ, ಮಳೆ ಬಿದ್ದದ್ದು ಅಲ್ಲಿ. ಆದುದರಿಂದ ಹೇತು ಮತ್ತು ಸಾಧ್ಯ ಒಂದೇ ಸ್ಥಳದಲ್ಲಿರಬೇಕೆಂಬ ನಿಯಮವಿಲ್ಲ. ಹೇತು ಉಚಿತವಾದ ದೇಶದಲ್ಲಿದ್ದರೆ ಸಾಕು, ಅವೆರಡರ ನಡುವೆ ಒಂದನ್ನು ಬಿಟ್ಟು ಇನ್ನೊಂದಿಲ್ಲವೆಂಬ ಅವಿನಾಭಾವವಿದ್ದರೆ ಸಾಕು. ಕೊಡಗಿನ ಮಳೆಯನ್ನು ಬನ್ನೂರಿನ ಹೊಳೆಯಲ್ಲಿ ಕಾಣುವ ಸೀಮೆಯಲ್ಲಿ ಹುಟ್ಟಿದವರಿಗೆ ಈ ಪಾಠ ಕಷ್ಟವಾಗಿರಲಾರದು.

ಶ್ರೀಪಾದರಾಜರ ಅಪ್ಪಣೆಯಂತೆ ವ್ಯಾಸರಾಜರು ಚಂದ್ರಗಿರಿಗೆ, ಸಾಳುವ ನರಸಿಂಹನ ಆಸ್ಥಾನಕ್ಕೆ ತೆರಳಿದರು. ಅಲ್ಲಿ ಅನೇಕ ವಿದ್ವಾಂಸರೊಡನೆ ವಾದಗಳು ನಡೆದವು. ಆ ಕಾಲದಲ್ಲಿಯೇ ತಿರುಮಲೆಯ ಶ್ರೀನಿವಾಸನ ಪೂಜಾಕೈಂಕರ್ಯವೂ ಅವರ ಪಾಲಿಗೆ ಬಂದು, ಹನ್ನೆರಡು ವರ್ಷ ಅದನ್ನು ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಅನಂತರ ಅವರ ಕಾರ್ಯಕ್ಷೇತ್ರ ವಿಜಯನಗರ. ಕಳಿಂಗದಿಂದ ಬಂದ ಬಸವಭಟ್ಟನೆಂಬ ಪ್ರಚಂಡ ವಿದ್ವಾಂಸನೊಡನೆ ಮೂವತ್ತು ದಿನಗಳ ಕಾಲ ವಾದ ನಡೆದು ವ್ಯಾಸರಾಜರಿಗೆ ಜಯವಾಯಿತೆಂದು ಸೋಮನಾಥನು ವರ್ಣಿಸುತ್ತಾನೆ.

ಮೂವತ್ತು ದಿನ ಏನನ್ನು ಮಾತನಾಡುತ್ತಿದ್ದರೆಂಬ ಕುತೂಹಲ ಸಹಜ. ವಾದಿ ತನ್ನ ಪ್ರತಿಜ್ಞೆಯನ್ನು ಹೇಳಿ ಹೇತುವನ್ನು ಕೊಡುತ್ತಾನೆ. ಪ್ರತಿವಾದಿ ಅದನ್ನು ಅನುವಾದ ಮಾಡಬೇಕು. ಇಲ್ಲಿ ಅನುವಾದವೆಂದರೆ ಭಾಷಾಂತರವಲ್ಲ, ಎದುರಿನವನು ಹೇಳಿದ್ದನ್ನು ತಪ್ಪಿಲ್ಲದೆ ಮರಳಿ ಹೇಳುವುದು. ಅನುವಾದ ಮಾಡಲಾರದವನಿಗೆ ಖಂಡಿಸುವ ಅಧಿಕಾರವಿಲ್ಲ. ಆಮೇಲೆ ದೋಷೋದ್ಭಾವನ, ಅದಕ್ಕೆ ಪರಿಹಾರ, ಪರಿಹಾರಕ್ಕೆ ಮತ್ತೆ ಆಕ್ಷೇಪ. ಸೋಲಾಯಿತೆಂದು ಸಾರುವ ಸ್ಥಾನಗಳು ನಿಗ್ರಹಸ್ಥಾನಗಳು. ನ್ಯಾಯಸೂತ್ರಗಳು ಇಂತಹ 22ನ್ನು ಎಣಿಸಿದರೆ, ಮಾಧ್ವ ಸಂಪ್ರದಾಯ ಅವನ್ನು ವಿರೋಧ, ಅಸಂಗತಿ, ನ್ಯೂನತೆ, ಆಧಿಕ್ಯ ಮೊದಲಾದ ಕೆಲವೇ ವರ್ಗಗಳಲ್ಲಿ ಅಡಕಗೊಳಿಸುತ್ತದೆ. ತಾನು ಮಾಡಿದ ಪ್ರತಿಜ್ಞೆಯನ್ನು ತಾನೇ ಕೈಬಿಟ್ಟರೆ ಪ್ರತಿಜ್ಞಾಹಾನಿ. ಉತ್ತರ ತೋಚದೆ ನಿಂತರೆ ಅಪ್ರತಿಭೆ. ಗೆಲ್ಲುವ ಆತುರದಲ್ಲಿ ತನ್ನ ಶಾಸ್ತ್ರಕ್ಕೇ ವಿರುದ್ಧವಾದುದನ್ನು ಒಪ್ಪಿದರೆ ಅಪಸಿದ್ಧಾಂತ. ತನ್ನ ಮೇಲಿನ ದೋಷವನ್ನು ಪರಿಹರಿಸದೆ, ನಿನ್ನ ಪಕ್ಷದಲ್ಲಿಯೂ ಅದೇ ದೋಷವಿದೆಯಲ್ಲವೇ ಎಂದು ತಿರುಗಿಸಿದರೆ ಮತಾನುಜ್ಞೆ. ತನ್ನ ದೋಷವನ್ನು ಒಪ್ಪಿಕೊಂಡಂತೆಯೇ ಆಯಿತು. ಸಂಸಾರಗಳ ಬಹುಪಾಲು ಜಗಳಗಳನ್ನು ಪ್ರಾಶ್ನಿಕರ ಮುಂದಿಟ್ಟರೆ ಉಭಯಪಕ್ಷದವರೂ ಮತಾನುಜ್ಞೆಯಲ್ಲಿಯೇ ಸೋತಾರು.

ಸಭೆಯ ಜಯ ಎಷ್ಟು ದೊಡ್ಡದಾದರೂ ಸಭೆ ಮುಗಿದೊಡನೆ ಮುಗಿಯುತ್ತದೆ. ಎದುರಾಳಿಯ ನೆನಪು ಕೈಕೊಟ್ಟಿರಬಹುದು, ರಾಜನ ಮುಖ ನೋಡಿ ಮಾತು ತಡವರಿಸಿರಬಹುದು. ಅಂತಹ ಜಯದಿಂದ ಎದುರಾಳಿ ಸೋಲುತ್ತಾನೆ. ಅವನ ಮತ ಸೋತಿತೆಂದು ಹೇಳುವಂತಿಲ್ಲ. ವ್ಯಾಸರಾಜರ ನಿಜವಾದ ಮಹತ್ತ್ವ ಕಾಣುವುದು ಅವರು ರಚಿಸಿದ ವ್ಯಾಸತ್ರಯದಲ್ಲಿ, ಅಂದರೆ ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ ಮತ್ತು ತರ್ಕತಾಂಡವಗಳಲ್ಲಿ. ಅದರಲ್ಲಿಯೂ ನಾಲ್ಕು ಪರಿಚ್ಛೇದಗಳ ನ್ಯಾಯಾಮೃತದಲ್ಲಿ.

ನ್ಯಾಯಾಮೃತದ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಕಣ್ಣಮುಂದಿನ ಈ ಜಗತ್ತು, ಇದರಲ್ಲಿರುವ ಜೀವರು, ಅವರ ಸುಖದುಃಖ, ಅವರು ಮಾಡುವ ಪೂಜೆ, ಪೂಜೆಗೊಳ್ಳುವ ದೇವರಿಗೂ ಜೀವನಿಗೂ ಇರುವ ಭೇದ ಇವೆಲ್ಲ ಸತ್ಯವೇ, ಮಿಥ್ಯೆಯೇ? ಮಿಥ್ಯೆಯಾದರೆ ಭಕ್ತನೆಂಬವನು ಕೊನೆಯಲ್ಲಿ ಉಳಿಯುವುದಿಲ್ಲ. ಅದ್ವೈತಾಚಾರ್ಯರು ಜಗತ್ತಿನ ಮಿಥ್ಯಾತ್ವವನ್ನು ಸಾಧಿಸಲು ಅನುಮಾನವನ್ನೇ ಹೂಡಿದ್ದರು. ಜಗತ್ತು ಪಕ್ಷ, ಮಿಥ್ಯಾತ್ವ ಸಾಧ್ಯ, ಅದು ಕಾಣಲ್ಪಡುವ ವಸ್ತುವಾಗಿರುವುದು, ಜಡವಾಗಿರುವುದು, ಪರಿಮಿತವಾಗಿರುವುದು ಎಂಬ ಮೂರು ಹೇತುಗಳು, ಕಪ್ಪೆಚಿಪ್ಪಿನಲ್ಲಿ ತೋರುವ ಬೆಳ್ಳಿ ದೃಷ್ಟಾಂತ.

ವ್ಯಾಸರಾಜರು ಖಂಡನೆಗೆ ಅವಸರಿಸಲಿಲ್ಲ. ಮೊದಲು ಮಿಥ್ಯಾತ್ವವೆಂದರೇನೆಂದು ಅದ್ವೈತಿಗಳನ್ನೇ ಕೇಳಿದರು. ಪದ್ಮಪಾದರು, ಪ್ರಕಾಶಾತ್ಮರು, ಚಿತ್ಸುಖರು, ಆನಂದಬೋಧರು ಬೇರೆಬೇರೆ ಗ್ರಂಥಗಳಲ್ಲಿ ಬೇರೆಬೇರೆ ಮಾತುಗಳಲ್ಲಿ ಹೇಳಿದ್ದ ಲಕ್ಷಣಗಳನ್ನು ಹೆಕ್ಕಿ ತೆಗೆದು, ಐದು ನಿರ್ವಚನಗಳಾಗಿ ಜೋಡಿಸಿ ನಿಲ್ಲಿಸಿದರು. ಸತ್ತೂ ಅಲ್ಲದೆ ಅಸತ್ತೂ ಅಲ್ಲದೆ ಇರುವಿಕೆ ಅವುಗಳಲ್ಲಿ ಒಂದು. ತೋರಿದ ಎಡೆಯಲ್ಲಿಯೇ ಮೂರು ಕಾಲಗಳಲ್ಲಿಯೂ ಇಲ್ಲವೆಂಬ ನಿಷೇಧಕ್ಕೆ ವಿಷಯವಾಗುವಿಕೆ ಮತ್ತೊಂದು. ಜ್ಞಾನದಿಂದ ನಿವೃತ್ತವಾಗುವಿಕೆ ಇನ್ನೊಂದು. ಎದುರಾಳಿಯ ಮಾತನ್ನು ತನ್ನ ಖಂಡನೆಗೆ ಅನುಕೂಲವಾಗುವಂತೆ ದುರ್ಬಲವಾಗಿ ಹೇಳುವುದು ವಾದಪ್ರಪಂಚದ ಹಳೆಯ ಚಾಳಿ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿ ನಿಲ್ಲಿಸಿ ಅನಂತರ ಅದಕ್ಕೆ ಇದಿರಾಗುವುದು ವ್ಯಾಸರಾಜರ ಮಾರ್ಗ. ಅದ್ವೈತದ ಮಿಥ್ಯಾತ್ವಲಕ್ಷಣಗಳು ಒಂದೆಡೆ ಹೀಗೆ ಕ್ರಮವಾಗಿ ಕಲೆತದ್ದು ದ್ವೈತ ಯತಿಗಳೊಬ್ಬರ ಗ್ರಂಥದಲ್ಲಿ. ಮುಂದೆ ಅದ್ವೈತಿಗಳೇ ಆ ಐದರ ಕ್ರಮವನ್ನು ಸ್ವೀಕರಿಸಿ ತಮ್ಮ ಸಮರ್ಥನೆಯನ್ನು ಬರೆದರು.

ಆಮೇಲೆ ಹೇತುಗಳ ಪರೀಕ್ಷೆ. ಕಾಣಲ್ಪಡುವುದೆಲ್ಲ ಮಿಥ್ಯೆಯೆಂದರೆ, ಬ್ರಹ್ಮ ಕಾಣಲ್ಪಡುತ್ತದೆಯೇ ಇಲ್ಲವೇ? ವೇದಾಂತವಾಕ್ಯಗಳಿಂದ ಬ್ರಹ್ಮದ ಜ್ಞಾನವಾಗುತ್ತದೆಯೆಂದರೆ ಹೇತು ಬ್ರಹ್ಮದಲ್ಲಿಯೂ ಇದೆ; ಸಾಧ್ಯವಾದ ಮಿಥ್ಯಾತ್ವ ಮಾತ್ರ ಅಲ್ಲಿಲ್ಲ. ಕಾದ ಕಬ್ಬಿಣದ ಗುಂಡಿನ ಕಥೆಯೇ ಇಲ್ಲಿ ಮರಳಿತು; ವ್ಯಭಿಚಾರ. ಬ್ರಹ್ಮ ಯಾವ ಜ್ಞಾನಕ್ಕೂ ವಿಷಯವಲ್ಲವೆಂದರೆ ಶಾಸ್ತ್ರವೇ ವ್ಯರ್ಥವಾಗುತ್ತದೆ. ಅದ್ವೈತಿಗಳು ಇದಕ್ಕೆ ವೃತ್ತಿ, ಫಲವೆಂಬ ಭೇದಗಳನ್ನು ಹೇಳಿ ಪರಿಹಾರ ಕೊಡುತ್ತಾರೆ. ಅವನ್ನೂ ವ್ಯಾಸರಾಜರು ಬಿಡದೆ ಎತ್ತಿಕೊಂಡು ಚರ್ಚಿಸುತ್ತಾರೆ.

ಇನ್ನೊಂದು ಪ್ರಶ್ನೆ ನೋಡಲು ಸರಳ, ಉತ್ತರಿಸಲು ಬಹು ಕಷ್ಟ. ಜಗತ್ತು ಕಾಣಲ್ಪಡಲಿ, ಸತ್ಯವೂ ಆಗಿರಲಿ, ಏನು ಕೆಡುತ್ತದೆ? ಹೊಗೆಯಿದ್ದು ಬೆಂಕಿಯಿಲ್ಲದಿದ್ದರೆ ಕಾರಣವಿಲ್ಲದೆ ಕಾರ್ಯ ಹುಟ್ಟಬೇಕಾಗುತ್ತದೆಯೆಂಬ ಅನಿಷ್ಟವನ್ನು ತೋರಿಸಬಹುದು. ಹೇತುವಿಗೆ ಬೆಂಬಲವಾಗಿ ಹೀಗೆ ಅನಿಷ್ಟವನ್ನು ತೋರಿಸುವ ಯುಕ್ತಿ ಅನುಕೂಲತರ್ಕ. ಅದಿಲ್ಲದ ಹೇತು ಅಪ್ರಯೋಜಕ. ಕಾಣುವಿಕೆಗೂ ಮಿಥ್ಯೆಯಾಗಿರುವಿಕೆಗೂ ನಡುವೆ ಅಂತಹ ತರ್ಕವೆಲ್ಲಿದೆಯೆಂಬುದು ವ್ಯಾಸರಾಜರ ಪ್ರಶ್ನೆ. ಸಾವಿರ ಸಲ ಚಿಪ್ಪಿನ ಬೆಳ್ಳಿಯನ್ನು ತೋರಿಸಿದರೂ ಪೆಟ್ಟಿಗೆಯೊಳಗಿನ ಬೆಳ್ಳಿ ಮಿಥ್ಯೆಯಾಗಲು ಆ ದೃಷ್ಟಾಂತವೊಂದೇ ಸಾಲದು.

ಮತ್ತೆ ಬಾಧಿತದ ಪ್ರಕರಣ. ಗಡಿಗೆ ಇದೆ, ಬಟ್ಟೆ ಇದೆ ಎಂದು ಪ್ರತ್ಯಕ್ಷ ಸಾರುತ್ತಿರುವಾಗ ಅವು ಮಿಥ್ಯೆಯೆಂಬ ಅನುಮಾನ, ಬೆಂಕಿ ತಣ್ಣಗಿದೆಯೆಂಬ ಅನುಮಾನದಂತೆಯೇ ಬಾಧಿತವಾಗಬೇಡವೇ? ಅನುಮಾನಕ್ಕೆ ಪಕ್ಷವನ್ನೂ ಹೇತುವನ್ನೂ ದೃಷ್ಟಾಂತವನ್ನೂ ಒದಗಿಸಿಕೊಟ್ಟದ್ದು ಪ್ರತ್ಯಕ್ಷ. ಹೀಗೆ ಆಧಾರವಾದದ್ದು ಉಪಜೀವ್ಯ, ಆಧರಿಸಿಕೊಂಡದ್ದು ಉಪಜೀವಕ. ಉಪಜೀವಕವು ಉಪಜೀವ್ಯವನ್ನು ಕೆಡಹುವುದೆಂದರೆ ತಾನು ನಿಂತ ಕೊಂಬೆಯನ್ನು ತಾನೇ ಕಡಿದಂತೆ.

ಈ ಎಲ್ಲ ಯುಕ್ತಿಗಳಿಗಿಂತ ಪ್ರಸಿದ್ಧವಾದದ್ದು ಮಿಥ್ಯಾತ್ವದ ಮಿಥ್ಯಾತ್ವದ ವಿಚಾರ. ಜಗತ್ತಿನಲ್ಲಿರುವ ಈ ಮಿಥ್ಯಾತ್ವವೆಂಬ ಧರ್ಮ ತಾನು ಸತ್ಯವೋ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮವನ್ನು ಬಿಟ್ಟು ಎರಡನೆಯದೊಂದು ಸತ್ಯವಾಯಿತು, ಅದ್ವೈತ ಹೋಯಿತು. ಮಿಥ್ಯೆಯೆಂದರೆ ಜಗತ್ತಿನ ಮಿಥ್ಯಾತ್ವ ಸುಳ್ಳಾಗಿ, ಜಗತ್ತು ಸತ್ಯವೇ ಆಯಿತು. ಎರಡು ಕಡೆಯಿಂದಲೂ ಬಿಗಿಯುವ ಇಂತಹ ಯುಕ್ತಿಗೆ ಉಭಯತಃಪಾಶವೆಂದು ಹೆಸರು. ಮೊದಲ ನೋಟಕ್ಕೆ ಮಾತಿನ ಚಮತ್ಕಾರದಂತೆ ಕಾಣುವ ಈ ಪ್ರಶ್ನೆಗೆ ಉತ್ತರಿಸಲು ಅದ್ವೈತದ ಮಹಾಮೇಧಾವಿಗಳು ತಮ್ಮ ಸಮಸ್ತ ಬಲವನ್ನೂ ಉಪಯೋಗಿಸಬೇಕಾಯಿತು.

ತರ್ಕತಾಂಡವದಲ್ಲಿ ಎದುರಾಳಿಗಳು ಬೇರೆ. ಮಿಥಿಲೆಯ ಗಂಗೇಶೋಪಾಧ್ಯಾಯರ ತತ್ತ್ವಚಿಂತಾಮಣಿಯಿಂದ ನವ್ಯನ್ಯಾಯ ಪ್ರಬಲವಾಗಿ ಬೆಳೆದಿತ್ತು. ಪ್ರತಿಯೋಗಿ, ಅವಚ್ಛೇದಕ ಮೊದಲಾದ ಅದರ ಪರಿಭಾಷೆ, ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಮಾತನ್ನು ಅಳೆದು ಆಡುವ ಸಾಧನವಾಗಿತ್ತು. ವ್ಯಾಸರಾಜರು ಆ ಪರಿಭಾಷೆಯನ್ನು ದೂರವಿಡಲಿಲ್ಲ. ಅದರಲ್ಲಿ ಪಾರಂಗತರಾಗಿ, ಅದರಿಂದಲೇ ನೈಯಾಯಿಕರ ಸಿದ್ಧಾಂತಗಳನ್ನು ಪರೀಕ್ಷಿಸಿದರು. ಜ್ಞಾನದ ಪ್ರಾಮಾಣ್ಯವನ್ನು ಮತ್ತೊಂದು ಜ್ಞಾನದಿಂದ ತಿಳಿಯಬೇಕೆಂದು ನೈಯಾಯಿಕರ ಮತ. ಹಾಗಾದರೆ ಆ ಮತ್ತೊಂದಕ್ಕೆ ಇನ್ನೊಂದು, ಅದಕ್ಕೆ ಮಗದೊಂದು ಬೇಕಾಗಿ ಎಲ್ಲಿಯೂ ನಿಲುಗಡೆಯಿಲ್ಲದ ಅನವಸ್ಥೆ ಬರುತ್ತದೆ. ಆದುದರಿಂದ ಪ್ರಾಮಾಣ್ಯ ಸ್ವತಃ ಸಿದ್ಧ, ಅದನ್ನು ಗ್ರಹಿಸುವುದು ಸಾಕ್ಷಿ. ಶಂಕೆ ಹುಟ್ಟಿದಾಗ ಮಾತ್ರ ಪರೀಕ್ಷೆ, ಅದೂ ಶಂಕೆ ತೀರುವವರೆಗೆ. ವೇದದ ಅಪೌರುಷೇಯತ್ವವೂ ವ್ಯಾಪ್ತಿಯ ಸ್ವರೂಪವೂ ಇಲ್ಲಿ ವಿಸ್ತಾರವಾಗಿ ವಿಚಾರಿತವಾಗಿವೆ. ತಾತ್ಪರ್ಯಚಂದ್ರಿಕೆ ಬ್ರಹ್ಮಸೂತ್ರದ ಮೊದಲ ಎರಡು ಅಧ್ಯಾಯಗಳವರೆಗೆ ಬಂದು ನಿಂತಿತು. ಉಳಿದುದನ್ನು ಅವರ ಪರಂಪರೆಯಲ್ಲಿಯೇ ಬಂದ ಶ್ರೀರಘುನಾಥತೀರ್ಥರು ಪೂರ್ಣಗೊಳಿಸಿ ಶೇಷಚಂದ್ರಿಕಾಚಾರ್ಯರೆಂದು ಖ್ಯಾತರಾದರು.

ಇಷ್ಟು ಬರೆದವರು ಏಕಾಂತದಲ್ಲಿ ಕುಳಿತಿದ್ದವರಲ್ಲ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಅವರನ್ನು ಗುರುಗಳೆಂದು ಪೂಜಿಸಿದನು, ರತ್ನಾಭಿಷೇಕ ಮಾಡಿದನು. ಕುಹಯೋಗದ ಕಾಲದಲ್ಲಿ ಅವರೇ ಸಿಂಹಾಸನವನ್ನೇರಿ ರಾಜನ ಅಪಮೃತ್ಯುವನ್ನು ಪರಿಹರಿಸಿದರೆಂಬ ಐತಿಹ್ಯವನ್ನು ಅರಿಯದ ಮಾಧ್ವರಿಲ್ಲ. ಹಂಪೆಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಪ್ರಾಣದೇವರು ಅವರ ಪ್ರತಿಷ್ಠೆ. ದಾನವಾಗಿ ಬಂದ ಸೀಮೆಯಲ್ಲಿ ಕಟ್ಟಿಸಿದ ವ್ಯಾಸಸಮುದ್ರವೆಂಬ ಕೆರೆ ಅವರ ಹೆಸರನ್ನೇ ಹೊತ್ತಿತು. ಶ್ರೀವಿಜಯೀಂದ್ರತೀರ್ಥರು, ಶ್ರೀವಾದಿರಾಜತೀರ್ಥರು ಅವರಲ್ಲಿ ಪಾಠ ಕೇಳಿದರು. ಹಗಲು ಅವಚ್ಛೇದಕಗಳ ಚರ್ಚೆ ನಡೆದ ಮಠದಲ್ಲಿಯೇ ಪುರಂದರದಾಸರ ತಂಬೂರಿಯೂ ಮಿಡಿಯುತ್ತಿತ್ತು. ಕುರುಬರ ಕುಲದ ಕನಕದಾಸರನ್ನು ಗುರುಗಳು ಆದರಿಸಿದ್ದು ಪಂಡಿತರಿಗೆ ಹಿಡಿಸಲಿಲ್ಲವೆಂದೂ, ಗುರುಗಳು ಪ್ರಶ್ನೆಗಳನ್ನು ಒಡ್ಡಿ ಕನಕರ ಉತ್ತರಗಳಿಂದಲೇ ಅವರನ್ನು ಸುಮ್ಮನಾಗಿಸಿದರೆಂದೂ ಕಥೆಗಳಿವೆ.

1529ರಲ್ಲಿ ಕೃಷ್ಣದೇವರಾಯನು ಗತಿಸಿದ ಬಳಿಕ ಅಚ್ಯುತದೇವರಾಯನ ಕಾಲದಲ್ಲಿಯೂ ಅವರ ಗೌರವ ಹಾಗೆಯೇ ಮುಂದುವರಿಯಿತು. ವಿಲಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು, ಅಂದರೆ 1539ರಲ್ಲಿ, ಅವರು ಬೃಂದಾವನಸ್ಥರಾದರು. ಶ್ರೀಶ್ರೀನಿವಾಸತೀರ್ಥರು ಪೀಠವನ್ನು ಅಲಂಕರಿಸಿದರು.

ವಾದ ಮಾತ್ರ ನಿಲ್ಲಲಿಲ್ಲ. ಕಾಶಿಯಲ್ಲಿ ನೆಲೆಸಿದ್ದ ಮಧುಸೂದನ ಸರಸ್ವತಿಗಳು ನ್ಯಾಯಾಮೃತದ ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು ಅದ್ವೈತಸಿದ್ಧಿಯನ್ನು ರಚಿಸಿದರು. ಎದುರಾಳಿಯ ಗ್ರಂಥದ ಬೆನ್ನನ್ನು ಹಿಡಿದು ಹೀಗೆ ಹೆಜ್ಜೆಹೆಜ್ಜೆಗೂ ನಡೆಯುವುದು ಆ ಗ್ರಂಥಕ್ಕೆ ಸಲ್ಲಿಸಿದ ಗೌರವವೇ ಸರಿ. ಅವರು ವೇಣುಗೋಪಾಲನ ಪರಮಭಕ್ತರೂ ಆಗಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಅದ್ವೈತಸಿದ್ಧಿಗೆ ವ್ಯಾಸರಾಮಾಚಾರ್ಯರು ನ್ಯಾಯಾಮೃತತರಂಗಿಣಿಯಿಂದ ಉತ್ತರ ಕೊಟ್ಟರು. ಇವರು ಗುರುತು ತಿಳಿಸದೆ ಮಧುಸೂದನರಲ್ಲಿಯೇ ಶಿಷ್ಯರಾಗಿ ಅದ್ವೈತಸಿದ್ಧಿಯನ್ನು ಓದಿ, ಬಳಿಕ ಅದರ ಖಂಡನೆಯನ್ನು ಬರೆದರೆಂಬ ಐತಿಹ್ಯವಿದೆ. ತರಂಗಿಣಿಗೆ ಬ್ರಹ್ಮಾನಂದ ಸರಸ್ವತಿಗಳು ಚಂದ್ರಿಕೆಗಳಿಂದ ಉತ್ತರಿಸಿದರು. ಅವರಿಗೆ ವನಮಾಲಿಮಿಶ್ರರು ಉತ್ತರಿಸಿದರು. ಒಬ್ಬರು ಆಡಿದ ಮಾತಿಗೆ ಉತ್ತರ ಬರಲು ದಶಕಗಳು ಹಿಡಿದರೂ ಪಕ್ಷ, ಹೇತು, ದೃಷ್ಟಾಂತಗಳು ಇದ್ದಲ್ಲಿಯೇ ಇದ್ದವು. ಅನುವಾದ ಮಾಡದೆ ಯಾರೂ ಖಂಡಿಸಲಿಲ್ಲ. ಆಚಾರ್ಯರು ವಾದವೆಂದು ಕರೆದ ಕಥೆ, ಕಾಲದೇಶಗಳ ಅಂತರವನ್ನು ಮೀರಿ, ಎದುರುಬದುರು ಕಾಣದವರ ನಡುವೆ ಹೀಗೆ ನಡೆಯಿತು. ಭಾರತೀಯ ದರ್ಶನಗಳ ಇತಿಹಾಸವನ್ನು ಬರೆದ ಸುರೇಂದ್ರನಾಥ ದಾಸಗುಪ್ತರು ತರ್ಕಕೌಶಲದಲ್ಲಿ ವ್ಯಾಸತೀರ್ಥರಿಗೆ ಸಮಾನರು ದುರ್ಲಭರೆಂಬ ಅಭಿಪ್ರಾಯಕ್ಕೆ ಬಂದದ್ದು ಈ ಗ್ರಂಥಗಳನ್ನು ಓದಿಯೇ.

ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ಅವರ ಮೂಲ ಬೃಂದಾವನವಿದೆ. 2019ರ ಜುಲೈ ತಿಂಗಳಿನಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದಾಗ, ಪರಸ್ಪರ ವಿವಾದಗಳಿದ್ದ ಮಠಗಳ ಯತಿಗಳೂ ಭಕ್ತರೂ ಒಟ್ಟಾಗಿ ಧಾವಿಸಿ ಬಂದು, ಚದುರಿದ ಕಲ್ಲುಗಳನ್ನು ಕೂಡಿಸಿ, ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ಫಾಲ್ಗುಣ ಬಹುಳ ಚತುರ್ಥಿಯ ಆರಾಧನೆಗೆ ದೂರದ ಊರುಗಳಿಂದ ಬರುವ ಕುಟುಂಬಗಳು ಆನೆಗೊಂದಿಯ ದಡದಲ್ಲಿ ದೋಣಿಯನ್ನೇರಿ ಆ ನಡುಗಡ್ಡೆಗೆ ಹೋಗುತ್ತವೆ.